ಅಂಗಡಿಗೊಂದು ಮುನ್ನೋಟದ ವಾಕ್ಯ



ತೆಂಗಿನ ಸಸಿ ನೆಡುವುದನ್ನು ನೀವೆಲ್ಲಾ ನೋಡಿದ್ದೀರಿ. ಮೊಣಕಾಲುದ್ದದ ಸಸಿ, ಆದರೆ ಒಂದರಿಂದ ಇನ್ನೊಂದಕ್ಕೆ 25ರಿಂದ 30 ಅಡಿ ಅಂತರ ಬಿಡುತ್ತಾರೆ. ಗೊತ್ತಿಲ್ಲದವರಿಗೆ ಜಾಗ ದಂಡ ಮಾಡುತ್ತಿದ್ದಾರೆ ಅನ್ನಿಸುತ್ತೆ. ನೆಡುವವರ ಕಣ್ಣಿಗೆ ಮಾತ್ರ ಆರೇಳು ವರ್ಷದ ನಂತರ ಗರಿ ಹರಡಿ ಕಾಯಿ ಬಿಟ್ಟ ಮರ ಕಾಣುತ್ತಿರುತ್ತೆ. ಗುಂಡಿ ಎಲ್ಲಿ ತೆಗೀಬೇಕು ಅಂತ ಹೇಳುವುದು ಆ ಮುಂದಿನ ಮರವೇ. ವ್ಯಾಪಾರ ಶುರುಮಾಡುವವರೂ ಹೀಗೆ ಮುಂದಿನದನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಂಡರೆ ಅದನ್ನು ವಿಷನ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಕನ್ನಡದಲ್ಲಿ ಮುನ್ನೋಟ ಅನ್ನೋಣ.

ದೊಡ್ಡ ದೊಡ್ಡ ಕಂಪನಿಯವರಿಗೆ ಮಾತ್ರ ಇದು ಬೇಕು ಅಂದುಕೊಳ್ಳಬೇಡಿ. ನಮ್ಮ ತಾಲ್ಲೂಕಿನಲ್ಲೇ ಒಂದು ಉದಾಹರಣೆ ಇದೆ. ಜಾವಗಲ್ ಅಂದ ಕೂಡಲೇ ನಮಗೆಲ್ಲಾ ಬೌಲರ್ ಶ್ರೀನಾಥ್ ನೆನಪಾಗುತ್ತಾರೆ. ಅದೇ ಜಾವಗಲ್ ಹತ್ತಿರ ತೆಂಗು, ಬಾಳೆ, ರೇಷ್ಮೆ ಬೆಳೆಯುತ್ತಿದ್ದ ರೈತರೊಬ್ಬರು ವಿಮಾನ ಕಂಪನಿ ಕಟ್ಟಿದರು. ಅವರು ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಸೈನ್ಯದಲ್ಲಿದ್ದವರು, 1971ರ ಯುದ್ಧದಲ್ಲೂ ಭಾಗವಹಿಸಿದ್ದರು. ಹೇಮಾವತಿ ಅಣೆಕಟ್ಟೆಯಲ್ಲಿ ಅವರ ಮನೆತನದ ಜಮೀನು ಮುಳುಗಿತು, ಪರಿಹಾರವಾಗಿ ಜಾವಗಲ್ ಕಡೆ ಬೀಳು ಭೂಮಿ ಸಿಕ್ಕಿತು. ಅಲ್ಲಿ ಗುಡಾರ ಹಾಕಿಕೊಂಡು ಸಾಗುವಳಿ ಶುರುಮಾಡಿದರು. ಅವರ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿಯೂ ಬಂತು. ಹಾಸನದಲ್ಲಿ ಎನ್‌ಫೀಲ್ಡ್ ಬೈಕ್ ಮಾರಿದರು, ಹೋಟೆಲ್ ಇಟ್ಟರು, 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಮಾಡಿದರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಾಟ ಶುರುವಾಯಿತು. ಪ್ರತಿಯೊಬ್ಬ ಭಾರತೀಯನೂ ಒಂದು ಸಲವಾದರೂ ವಿಮಾನ ಹತ್ತಬೇಕು ಅನ್ನುವುದೇ ಅವರ ಮುನ್ನೋಟ.

ಈ ಮಾತು ಏನೇನು ಕೆಲಸ ಮಾಡಿತು ನೋಡಿ. ಎಲ್ಲರೂ ಹತ್ತಬೇಕಾದರೆ ಟಿಕೆಟ್ ಅಗ್ಗ ಇರಬೇಕು. ಹಾಗಾಗಿ ಬಿಟ್ಟಿ ಊಟ ಇಲ್ಲ, ಸಾಹುಕಾರರಿಗೆ ಬೇರೆ ಸೀಟು ಇಲ್ಲ. ಎಲ್ಲರೂ ಅಂದಮೇಲೆ ಬೆಂಗಳೂರು, ಮುಂಬಯಿ ಸಾಲದು, ಹುಬ್ಬಳ್ಳಿಯಂಥ ಊರಿಗೂ ಹೋಗಬೇಕು. ಅಲ್ಲಿ ರನ್‌ವೇ ಚಿಕ್ಕದು, ಆದ್ದರಿಂದ 48 ಸೀಟಿನ ಸಣ್ಣ ಎಟಿಆರ್ ವಿಮಾನ ತಂದರು. ಕೆಲವು ಸೀಟನ್ನು ಒಂದು ರೂಪಾಯಿಗೂ ಮಾರಿದರು. ಕಂಪನಿಯ ಗುರುತಿಗೆ ಸಿನಿಮಾ ತಾರೆ ಬರಲಿಲ್ಲ, ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಬಂದ! ಒಂದು ವಾಕ್ಯ ಸ್ಪಷ್ಟವಾಗಿದ್ದರೆ ಏನು ಮಾಡಬೇಕು ಅನ್ನುವುದರ ಜೊತೆಗೆ ಏನು ಬಿಡಬೇಕು ಅನ್ನುವುದನ್ನೂ ಹೇಳುತ್ತೆ. ನನಗನ್ನಿಸುವ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯ.

ಹಾಗಂತ ವಾಕ್ಯವೇ ಲೆಕ್ಕದ ಪುಸ್ತಕ ಬರೆಯೋದಿಲ್ಲ. ಏರ್ ಡೆಕ್ಕನ್‌ಗೆ ನಷ್ಟ ಏರುತ್ತಾ ಹೋಯಿತು. 2007ರಲ್ಲಿ ಕಿಂಗ್‌ಫಿಷರ್‌ನವರು ಪಾಲು ಕೊಂಡರು, ಮರುವರ್ಷ ಹೆಸರೂ ಬದಲಾಯಿತು. 2012ರಲ್ಲಿ ಕಿಂಗ್‌ಫಿಷರ್ ವಿಮಾನಗಳೂ ನಿಂತವು.

ಈಗ ನಮ್ಮೂರಿಗೆ ಬರೋಣ. ಅಂಗಡಿ ಬೋರ್ಡುಗಳಲ್ಲಿ 'ಗುಣಮಟ್ಟವೇ ನಮ್ಮ ಗುರಿ, ಗ್ರಾಹಕರೇ ನಮ್ಮ ದೇವರು' ಅಂತ ಇರುತ್ತಲ್ಲ, ಅದನ್ನು ಕಿತ್ತು ಪಕ್ಕದ ಸೈಕಲ್ ಶಾಪಿಗೆ ಹಾಕಿದರೂ ನಡೆಯುತ್ತೆ. ಯಾವ ಅಂಗಡಿಗೆ ಹಾಕಿದರೂ ಒಪ್ಪುವ ಮಾತು ಯಾವ ಅಂಗಡಿಯದೂ ಅಲ್ಲ.

ನಮ್ಮ ಬೀದಿಯ ಮಹಿಳಾ ಸಂಘದವರು ಕೊಬ್ಬರಿ ಮಿಠಾಯಿ ಮಾಡಿ ಮಾರಬೇಕು ಅಂತಿದ್ದಾರೆ. ನಮ್ಮಮ್ಮನೂ ಅದರಲ್ಲಿ ಒಬ್ಬರು. ಬ್ಯಾಂಕ್ ಸಾಲಕ್ಕೆ ಹತ್ತು ಮನೆಯೂ ಹೊಣೆ. ಒಂದು ಮನೆ ಕಟ್ಟದಿದ್ದರೆ ಉಳಿದ ಒಂಬತ್ತು ಕಟ್ಟಬೇಕು. ಅರ್ಜಿಗೆ ಅಂತ ಮೊದಲು ಬರೆದದ್ದು ಹೀಗೆ: 'ಕರ್ನಾಟಕದ ಮನೆಮನೆಗೂ ತಲುಪುವ ನಂಬರ್ ಒನ್ ಮಿಠಾಯಿ.' ಅದನ್ನು ಓದಿ ಹೇಳಿದಾಗ ಸಂಘದ ಹಿರಿಯಜ್ಜಿ, "ಅಲ್ಲ ಕಣವ್ವಾ, ಮನೆಮನೆಗೂ ಹೊತ್ಕೊಂಡ್ ಹೋಗೋರ್ಯಾರು, ನೀನಾ?" ಅಂದರು. ಎಲ್ಲರೂ ನಕ್ಕರು, ಆದರೆ ವಾಕ್ಯ ಅಲ್ಲಿಗೇ ಬಿತ್ತು.

ಎರಡನೆಯದು: 'ಐದು ವರ್ಷದಲ್ಲಿ ಬೇಲೂರು, ಹಳೇಬೀಡು ನೋಡಲು ಬಂದವರು ವಾಪಸ್ ಹೋಗುವಾಗ ಅರಸೀಕೆರೆ ಸೀಮೆಯ ಕೊಬ್ಬರಿ ಮಿಠಾಯಿ ಒಯ್ಯುವಂತಾಗಬೇಕು; ಸಂಘದ ಹತ್ತೂ ಮನೆಗೆ ವರ್ಷವಿಡೀ ಕೆಲಸ ಇರಬೇಕು.' ಆ ದೇವಸ್ಥಾನಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ, ಇದು ನಿಮಗೆ ಗೊತ್ತು. ಈ ವಾಕ್ಯ ಬರೆದ ಮೇಲೆ ಎಷ್ಟೋ ವಿಷಯ ತಾವಾಗಿಯೇ ತೀರ್ಮಾನವಾದವು. ಪ್ರವಾಸಿಗರು ಬಸ್ಸಿನಲ್ಲಿ ದೂರ ಹೋಗುವವರು, ಮಿಠಾಯಿ ಬೇಗ ಕೆಡಬಾರದು. ಹಸಿಕಾಯಿ ತುರಿ ಬೇಡ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಯೇ ಆಗಬೇಕು. ಕಿಲೋ ಲೆಕ್ಕ ಬೇಡ, ಕೈಚೀಲದಲ್ಲಿ ಹಿಡಿಸುವ ಸಣ್ಣ ಪೊಟ್ಟಣ ಸಾಕು. ಮದುವೆ ಆರ್ಡರ್ ಹಿಡಿಯಬೇಕು ಅನ್ನುತ್ತಿದ್ದವರೂ ಸುಮ್ಮನಾದರು.

ತಕರಾರು ಉಳಿದಿರುವುದು 'ವರ್ಷವಿಡೀ' ಅನ್ನುವ ಪದದ ಮೇಲೆ. ಮಳೆಗಾಲದಲ್ಲಿ ಜನ ಕಡಿಮೆ ಬಂದರೆ ಕಂತು ಎಲ್ಲಿಂದ ಕಟ್ಟೋದು? ಆ ಪದ ತೆಗೆದುಬಿಡಿ ಅಂತ ಕೆಲವರು. ತೆಗೀಬಾರದು, ಆ ತಿಂಗಳುಗಳಿಗೆ ಕೊಬ್ಬರಿ ಚಟ್ನಿಪುಡಿ ಮಾಡೋಣ ಅಂತ ಅಮ್ಮ. ಬರುವ ಮಂಗಳವಾರ ಮತ್ತೆ ಸಭೆ ಇದೆ.

ನಿಮ್ಮ ಮನೆಯಲ್ಲಿ ಅಂಗಡಿ, ಗಿರಣಿ, ಹೊಲಿಗೆ ಮೆಷಿನ್ನು, ಹಾಲಿನ ವ್ಯಾಪಾರ ಏನಿದ್ದರೂ ಸರಿ, ಅದಕ್ಕೊಂದು ಮುನ್ನೋಟದ ವಾಕ್ಯ ಬರೆದು ಶನಿವಾರದೊಳಗೆ ಕನ್ನಡ ಮೇಷ್ಟ್ರ ಕೈಗೆ ಕೊಡಿ. ಪಕ್ಕದ ಅಂಗಡಿಗೂ ಒಪ್ಪುವಂಥದ್ದಾದರೆ ವಾಪಸ್ ಬರುತ್ತೆ. ಉಳಿದವು ಮುಂದಿನ ಸಂಚಿಕೆಯಲ್ಲಿ.