ಅಡಿಸ್ ಅಬಾಬದಲ್ಲಿ ಗಂಟೆ ಎಷ್ಟು?

ತಲಾ ಆದಾಯ, ಶಿಕ್ಷಣ ಮತ್ತು ಆರೋಗ್ಯದ ಮಟ್ಟ, ಆರ್ಥಿಕ ಆಘಾತಗಳನ್ನು ತಾಳಿಕೊಳ್ಳುವ ಶಕ್ತಿ ಇವುಗಳನ್ನು ಅಳೆದು ವಿಶ್ವಸಂಸ್ಥೆಯು ಗುರುತಿಸುವ ‘ಅತ್ಯಂತ ಹಿಂದುಳಿದ ದೇಶಗಳ’ ಪಟ್ಟಿ 1971ರಲ್ಲಿ ಮೊದಲು ಸಿದ್ಧವಾದಾಗಿನಿಂದಲೂ ಇಥಿಯೋಪಿಯಾ ಅದರಲ್ಲಿದೆ. ಭಾರತದ ಹೆಸರು ಅದರಲ್ಲಿ ಎಂದೂ ಇರಲಿಲ್ಲ. ಹಾಗಿದ್ದೂ ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಅಲ್ಲಿನ ಶಾಲೆಗಳಿಗೆ, ಈ ಶತಮಾನದಲ್ಲಿ ಹೊಸದಾಗಿ ತೆರೆದ ವಿಶ್ವವಿದ್ಯಾಲಯಗಳಿಗೆ ಭಾರತೀಯ ಅಧ್ಯಾಪಕರು ದೊಡ್ಡ ಸಂಖ್ಯೆಯಲ್ಲಿ ಹೋಗಿದ್ದಾರೆ. ನೀರು ಬಾರದ ನಲ್ಲಿ, ಹೋಗಿ ಬರುವ ಕರೆಂಟು ಇವರಿಗೆ ಹೊಸದಲ್ಲವಾದ್ದರಿಂದ ಹೊಂದಿಕೊಳ್ಳುವುದು ಸುಲಭವೆಂದು ಅವರೂ, ಅವರನ್ನು ಕಳಿಸುವವರೂ ಭಾವಿಸುವುದುಂಟು. ತೊಂದರೆ ಹುಟ್ಟುವುದು ಬಹುಮಟ್ಟಿಗೆ ಈ ಭರವಸೆಯಿಂದಲೇ, ಏಕೆಂದರೆ ಕೊರತೆಗೆ ಸಿದ್ಧನಾದವನು ಬೇರೆತನಕ್ಕೆ ಸಿದ್ಧನಾಗಿರುವುದಿಲ್ಲ.

ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ನೀಡಿದ ಉಪನ್ಯಾಸದಲ್ಲಿ ವಿವರಿಸಿದ ‘ಸಂಸ್ಕೃತಿ ಆಘಾತ’ವೆಂದರೆ, ಯಾರಿಗೆ ಹೇಗೆ ವಂದಿಸಬೇಕು, ಯಾವ ಮಾತನ್ನು ಎಷ್ಟು ನಂಬಬೇಕು ಎಂಬಂಥ ನಿತ್ಯದ ಸಣ್ಣ ಗುರುತುಗಳೆಲ್ಲ ಒಮ್ಮೆಲೇ ಕೈಬಿಟ್ಟಾಗ ಉಂಟಾಗುವ ಕಳವಳ. ಆರಂಭದ ಹರ್ಷ ಇಳಿದ ಮೇಲೆ ಬರುವ ಎರಡನೆಯ ಘಟ್ಟದಲ್ಲಿ ವಲಸೆ ಬಂದವರು ತಮ್ಮ ದೇಶದವರೊಡನೆ ಗುಂಪುಗೂಡಿ ಆತಿಥೇಯ ದೇಶವನ್ನು ದೂರುತ್ತಾರೆ ಎಂದು ಆತ ಗಮನಿಸಿದ್ದು ಇಂದಿಗೂ ಸತ್ಯ.

ಇಥಿಯೋಪಿಯಾದಲ್ಲಿ ಈ ಗುರುತುಗಳ ಪಲ್ಲಟ ಕಾಲದ ಎಣಿಕೆಯಿಂದಲೇ ತೊಡಗುತ್ತದೆ. ಸಮಭಾಜಕಕ್ಕೆ ಹತ್ತಿರವಿರುವ ಆ ನಾಡಿನಲ್ಲಿ ವರ್ಷವಿಡೀ ಹಗಲಿನ ಅವಧಿ ಹೆಚ್ಚು ಬದಲಾಗದ ಕಾರಣ ಜನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ನಮ್ಮ ಬೆಳಗಿನ ಏಳು ಅಲ್ಲಿ ಒಂದು, ನಮ್ಮ ಮಧ್ಯಾಹ್ನದ ಮೂರು ಅಲ್ಲಿ ಒಂಬತ್ತು. ತಲಾ ಮೂವತ್ತು ದಿನಗಳ ಹನ್ನೆರಡು ತಿಂಗಳು, ಐದು ಅಥವಾ ಆರು ದಿನಗಳ ಹದಿಮೂರನೆಯದೊಂದು ತಿಂಗಳು ಸೇರಿ ವರ್ಷವಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಹೊಸ ವರ್ಷ ಹುಟ್ಟುತ್ತದೆ. ವರ್ಷಸಂಖ್ಯೆ ನಮ್ಮದಕ್ಕಿಂತ ಏಳೆಂಟು ಹಿಂದಿರುತ್ತದೆ. ವಿಮಾನದ ಟಿಕೆಟ್ಟಿನಲ್ಲಿ ಅಂತರರಾಷ್ಟ್ರೀಯ ಸಮಯವಿದ್ದು, ಊರಿನ ಮಾತಿನಲ್ಲಿ ಇನ್ನೊಂದಿರುವಾಗ, ಎರಡು ಗಂಟೆಗೆ ಬರುತ್ತೇನೆಂದವನು ಬೆಳಿಗ್ಗೆ ಎಂಟಕ್ಕೇ ಬಂದು ಹೋಗಿದ್ದನೆಂದು ತಿಳಿಯದ ಹೊಸಬನು ಜನರಿಗೆ ಸಮಯಪ್ರಜ್ಞೆಯಿಲ್ಲವೆಂದು ತೀರ್ಮಾನಿಸಬಹುದು. ಶಿಸ್ತಾದ ವ್ಯವಸ್ಥೆಯೊಂದನ್ನು ಹಿಂದುಳಿದಿರುವಿಕೆಯ ಲೆಕ್ಕಕ್ಕೆ ಸೇರಿಸುವ ಈ ತಪ್ಪು ಕರೆಂಟಿನ ಕೊರತೆಗಿಂತ ಹೆಚ್ಚು ಹಾನಿ ಮಾಡುತ್ತದೆ.

ಆಫ್ರಿಕವೆಂದರೆ ಬಿಸಿಲೆಂದು ನಂಬಿ ಸ್ವೆಟರ್ ಒಯ್ಯದವರಿಗೆ, ಸಮುದ್ರಮಟ್ಟದಿಂದ ಸುಮಾರು 2,355 ಮೀಟರ್ ಎತ್ತರದಲ್ಲಿರುವ ರಾಜಧಾನಿ ಅಡಿಸ್ ಅಬಾಬದ ಮಳೆಗಾಲವು, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ‘ಕಿರೆಮ್ತ್’, ಚಳಿ ಹಿಡಿಸುತ್ತದೆ. ಅಷ್ಟು ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ತೊಗರಿಬೇಳೆ ನೆಟ್ಟಗೆ ಬೇಯುವುದಿಲ್ಲ. ಆದರೆ ಸಸ್ಯಾಹಾರಿಗಳು ಹೆದರುವಷ್ಟು ಊಟಕ್ಕೆ ತೊಂದರೆಯಿಲ್ಲ. ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಹಾಗೂ ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸದಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಮುಟ್ಟುವುದಿಲ್ಲವಾದ್ದರಿಂದ, ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಹುಯ್ಯುವ ಇಂಜೆರಾ, ಕಡಲೆಹಿಟ್ಟಿನ ಶಿರೊ, ಬೇಳೆಯ ಸಾರು ಎಲ್ಲ ಕಡೆಯೂ ಸಿಗುತ್ತವೆ. ‘ಉಪವಾಸದ ಊಟ’ ಎಂದು ಕೇಳಿದರೆ ಸಾಕು.

ಹಣದ ವಿಷಯದಲ್ಲಿ ಮಾತ್ರ ಮೊದಲೇ ಲೆಕ್ಕ ಹಾಕಿಕೊಳ್ಳುವುದು ಅನಿವಾರ್ಯ. ಬ್ಯಾಂಕುಗಳಲ್ಲಿ ಡಾಲರಿನ ಅಭಾವ ಬಹುಕಾಲದ್ದು. 2024ರ ಜುಲೈನಲ್ಲಿ ಸರ್ಕಾರವು ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟಾಗ, ಅಲ್ಲಿನ ನಾಣ್ಯವಾದ ಬಿರ್ ಡಾಲರಿಗೆ ಸುಮಾರು 57 ಇದ್ದುದು ಕೆಲವೇ ವಾರಗಳಲ್ಲಿ 100 ದಾಟಿತು. ಬಿರ್‌ನಲ್ಲಿ ಸಂಬಳ ಪಡೆದು ಊರಿಗೆ ಕಳಿಸುವವರ ಲೆಕ್ಕವೆಲ್ಲ ಇದರಿಂದ ಬುಡಮೇಲಾಯಿತು.

ತರಗತಿಯಲ್ಲಿ ಎದುರಾಗುವ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಪ್ರಾಥಮಿಕ ಶಿಕ್ಷಣವನ್ನು ಅಮ್ಹಾರಿಕ್, ಒರೊಮೊ, ತಿಗ್ರಿನ್ಯಾ ಮೊದಲಾದ ನುಡಿಗಳಲ್ಲಿ ಪಡೆದು ಪ್ರೌಢ ಹಂತದಲ್ಲಿ ಇಂಗ್ಲಿಷಿಗೆ ಹೊರಳಿದ ವಿದ್ಯಾರ್ಥಿ ಪ್ರಶ್ನೆ ಕೇಳದೆ ಕುಳಿತರೆ ಅದು ದಡ್ಡತನವಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಪದವಿ ತರಗತಿಯಲ್ಲಿ ಪಾಠ ಹೇಳಿದ ಕರ್ನಾಟಕದ ಅಧ್ಯಾಪಕರು ಈ ಮೌನವನ್ನು ಬಲ್ಲರು, ಹಾಗಾಗಿ ಅದನ್ನು ಮುರಿಯುವ ಬಗೆಯನ್ನೂ ಬಲ್ಲರು. ಅದೇ ವಿದ್ಯಾರ್ಥಿ 1896ರಲ್ಲಿ ಅದ್ವಾದಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿದವರ ವಂಶದವನು. 1936ರಿಂದ 1941ರವರೆಗಿನ ಆಕ್ರಮಣವನ್ನು ಬಿಟ್ಟರೆ ತನ್ನ ದೇಶ ಪರರ ಕೈಕೆಳಗೆ ಇರಲಿಲ್ಲವೆಂಬ ಅರಿವು ಅವನಲ್ಲಿ ಗಾಢವಾಗಿದೆ. ಉದ್ಧಾರಕನ ಭಂಗಿಯಲ್ಲಿ ಒಳಬರುವ ಗುರುವಿನ ಪಾಠ ಎಷ್ಟೇ ಚೆನ್ನಾಗಿದ್ದರೂ ಅವನು ಅದಕ್ಕೆ ಮನಗೊಡಲಾರ.