ಮರದ ಉತ್ಸವವಾಹನಗಳ ಕೀಟಬಾಧೆ ಮತ್ತು ಚಿಕಿತ್ಸೆ

ಕಪಿಲೆಯ ದಡದ ನಂಜನಗೂಡು, ಕಾವೇರಿ–ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರ – ಇವೆರಡೂ ತೇವದ ನೆಲೆಗಳು. ದೇಗುಲಗಳ ಮರದ ವಾಹನಗಳನ್ನು ಕಾಡುವ ಕೀಟಗಳಿಗೆ ಇದು ಅನುಕೂಲ. ಗೆದ್ದಲು ನೆಲದಿಂದ ಮಣ್ಣಿನ ಸುರಂಗ ಕಟ್ಟಿಕೊಂಡು ಏರುತ್ತದೆ. ವಾಹನವನ್ನು ಕಲ್ಲಿನ ಪೀಠದ ಮೇಲೆ, ಗೋಡೆಯಿಂದ ದೂರವಿರಿಸಿ ಆ ದಾರಿಯನ್ನು ಕಡಿಯಬಹುದು. ಕುಟ್ಟೆಹುಳುವಿನ ವಿಷಯ ಬೇರೆ. ಅದರ ಮರಿ ತಿಂಗಳುಗಟ್ಟಲೆ ಮರದೊಳಗೇ ಇದ್ದು, ದುಂಬಿಯಾಗಿ ಹೊರಬಂದ ಮೇಲಷ್ಟೇ ರಂಧ್ರ ಕಾಣುತ್ತದೆ. ಆದುದರಿಂದ ರಂಧ್ರವೊಂದೇ ಸಾಕ್ಷಿಯಾಗದು. ಹಳೆಯ ಪುಡಿಯನ್ನು ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಗಮನಿಸಬೇಕು. ಹೊಸ ಪುಡಿ ಉದುರಿದರೆ ಕೀಟ ಜೀವಂತವಿದೆಯೆಂದರ್ಥ.

ಇವು ಗಾಜಿನೊಳಗಿನ ವಸ್ತುಗಳಲ್ಲ, ಹೊರುವವರ ಹೆಗಲಿಗೆ ತಾಗುವಂಥವು, ವಿಷಲೇಪ ಸಲ್ಲದು. ಸೀಮೆಎಣ್ಣೆ ಬಣ್ಣವನ್ನು ಕೆಡಿಸುತ್ತದೆ, ಒಳಗಿನ ಮರಿಗಳನ್ನು ಬಹುಮಟ್ಟಿಗೆ ತಲುಪದು. ಮೀಥೈಲ್ ಬ್ರೋಮೈಡಿನ ಬಳಕೆಯು ಮಾಂಟ್ರಿಯಲ್ ಒಪ್ಪಂದದನ್ವಯ, ಕೆಲವು ವಿನಾಯಿತಿಗಳ ಹೊರತು, 2015ಕ್ಕೆ ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿಯೂ ಕೊನೆಗೊಂಡಿತು. ವರ್ಣಲೇಪಿತ ಮರಕ್ಕೆ ಯೋಗ್ಯವಾದುದು ಸಾರಜನಕ ಚಿಕಿತ್ಸೆ: ಗಾಳಿಯಾಡದ ಹೊದಿಕೆಯೊಳಗೆ ಆಮ್ಲಜನಕವನ್ನು ಶೇ. 0.5ಕ್ಕಿಂತ ಕೆಳಗಿಳಿಸಿ ಸುಮಾರು ಮೂರು ವಾರ ಇರಿಸುವುದು. ಅನಿಲಕ್ಕೆ ತಕ್ಕಷ್ಟು ತೇವ ಬೆರೆಸದಿದ್ದರೆ ಮರ ಸೀಳುವುದುಂಟು. ನಂಜನಗೂಡಿನ ದೊಡ್ಡಜಾತ್ರೆಯ ತೇರುಗಳಿಗೆ ಈ ಕ್ರಮ ಒಗ್ಗದು. ಅಲ್ಲಿ ಕೆಟ್ಟ ಹಲಗೆಯನ್ನು ಕಳಚಿ ಬದಲಿಸುವ ಬಡಗಿಯ ಹಳೆಯ ಪದ್ಧತಿಯೇ ಮೇಲು. ಸಾರಜನಕವು ಮುಂದಿನ ರಕ್ಷಣೆಯನ್ನೇನೂ ಉಳಿಸುವುದಿಲ್ಲ. ಚಿಕಿತ್ಸೆಗೊಂಡ ವಾಹನ ಅದೇ ತೇವದ ಕೋಣೆಗೆ ಮರಳಿದರೆ ಹುಳುವೂ ಮರಳುತ್ತದೆ.