ಪುಟ್ಟ ಕಾರಿನ ವೇಗವೂ ರಬ್ಬರಿನ ಹಿಡಿತವೂ

ನಿಜವಾದ ಕಾರೊಂದನ್ನು ಉದ್ದ, ಅಗಲ, ಎತ್ತರಗಳೆಂಬ ಮೂರು ಆಯಾಮಗಳಲ್ಲಿಯೂ ಹತ್ತರಲ್ಲೊಂದು ಪಾಲಿಗೆ ಕುಗ್ಗಿಸಿದರೆ ಅದರ ತೂಕ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಗಾತ್ರಕ್ಕೂ ತೂಕಕ್ಕೂ ಇರುವ ಈ ಘನಸಂಬಂಧವನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿಯೇ ಚರ್ಚಿಸಿದ್ದಾನೆ. ರೇಡಿಯೊ ನಿಯಂತ್ರಣದ ಪಂದ್ಯಗಳಲ್ಲಿ ‘ಟೂರಿಂಗ್ ಕಾರು’ ಎನಿಸಿಕೊಂಡ, ಸುಮಾರು 190 ಮಿಲಿಮೀಟರು ಅಗಲದ ವಾಹನವನ್ನು ತಕ್ಕಡಿಯಲ್ಲಿಟ್ಟರೆ ಮುಳ್ಳು ಹೆಚ್ಚುಕಡಿಮೆ 1.35 ಕಿಲೋಗ್ರಾಮಿನ ಬಳಿ ನಿಲ್ಲುವುದು. ಅದು ಅನುಕರಿಸುವ ದೊಡ್ಡ ಕಾರು 1,350 ಕಿಲೋಗ್ರಾಮಿನದೆಂದರೆ ಲೆಕ್ಕ ಸರಿಹೋಯಿತು. ಆದರೆ ಗಂಟೆಗೆ 60 ಕಿಲೋಮೀಟರು ಓಡುವ ಈ ಕಾರಿನ ವೇಗವನ್ನೂ ಹತ್ತರಿಂದ ಗುಣಿಸಿ, ‘ಇದು 600ಕ್ಕೆ ಸಮಾನ’ವೆಂದು ಬೀಗುವವರ ಲೆಕ್ಕ ಮಾತ್ರ ಹುಸಿಲೆಕ್ಕ. ಕಾರು ಕುಗ್ಗಿತೆಂದು ಭೂಮಿಯ ಆಕರ್ಷಣೆ ಕುಗ್ಗುವುದಿಲ್ಲ. ರಬ್ಬರಿಗೂ ನೆಲಕ್ಕೂ ಇರುವ ಘರ್ಷಣೆಯ ಗುಣಾಂಕವೂ ಹತ್ತುಪಟ್ಟು ಬೆಳೆಯುವುದಿಲ್ಲ.

ಇಂಥ ಕಾರನ್ನು ಕೊಳ್ಳಹೊರಟವನು ಮೊದಲು ತನ್ನ ಊರಿನ ನೆಲವನ್ನು ನೋಡತಕ್ಕದ್ದು. ಟೂರಿಂಗ್ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಐದಾರು ಮಿಲಿಮೀಟರಿನ ಅಂತರವಷ್ಟೆ. ಮದ್ದೂರಿನ ಕಡೆಯ ಆಲೆಮನೆಯ ದಾರಿಯಲ್ಲಿ, ಕಬ್ಬಿನ ಗಾಡಿಗಳು ಕೊರೆದ ಜಾಡಿನ ನಡುವೆ ಅದನ್ನು ಬಿಟ್ಟರೆ, ಜಲ್ಲಿಯ ಚೂರೊಂದು ಹಲ್ಲುಚಕ್ರಗಳ ಸಂದಿಗೆ ಸಿಕ್ಕಿ ಪ್ಲಾಸ್ಟಿಕ್ ಹಲ್ಲುಗಳನ್ನು ಸಾಲಾಗಿ ತರಿದುಹಾಕಲು ಅರೆಕ್ಷಣ ಸಾಕು. ಅಂಥ ನೆಲವೇ ಗತಿಯೆಂದಾದರೆ ‘ಬಗ್ಗಿ’ ಎಂಬ ಎತ್ತರದ ಜಾತಿಯನ್ನು ಕೊಳ್ಳುವುದೇ ವಿವೇಕ. ಮಂಡ್ಯದಲ್ಲಾಗಲಿ ಮಳವಳ್ಳಿಯಲ್ಲಾಗಲಿ ಟೂರಿಂಗ್ ಕಾರಿಗೆ ಒಗ್ಗುವುದು ಕಾಂಕ್ರೀಟಿನ ಬ್ಯಾಸ್ಕೆಟ್‌ಬಾಲ್ ಅಂಗಣ, ಅಥವಾ ಲಗ್ನವಿಲ್ಲದ ದಿನದ ಕಲ್ಯಾಣಮಂಟಪದ ಅಂಗಳ. (ಬೆಂಗಳೂರು–ಮೈಸೂರು ಹೆದ್ದಾರಿಯ ಡಾಂಬರು ನುಣುಪಾಗಿದೆಯೆಂದು ಅತ್ತ ಕಣ್ಣುಹಾಕುವ ಹುಡುಗರಿಗೆ ಮನೆಯ ಹಿರಿಯರೇ ತಕ್ಕ ಉತ್ತರ ಹೇಳಿಯಾರು.) ಹೊಸಬರಿಗೆ ತೊಟ್ಟಿಯಂತಹ ಪ್ಲಾಸ್ಟಿಕ್ ಚೌಕಟ್ಟಿನ, ನಾಲ್ಕು ಚಕ್ರಗಳಿಗೂ ಶಾಫ್ಟಿನಿಂದ ಚಾಲನೆ ಒದಗುವ ಕಿಟ್ಟೇ ಸಾಕು, ಕಾರ್ಬನ್ ನಾರಿನ ಹಲಗೆಯೂ ರಬ್ಬರ್ ಬೆಲ್ಟುಗಳೂ ಉಳ್ಳ ದುಬಾರಿ ಕಾರು ಕೈ ಪಳಗಿದ ಮೇಲಿನ ಮಾತು. ಅಗ್ಗದ ಕಿಟ್ಟಿನಲ್ಲಿ ಅಚ್ಚುಗಳಿಗೆ ಪ್ಲಾಸ್ಟಿಕ್ ಬುಷ್‌ಗಳಿದ್ದರೆ ಅವನ್ನು ಕಿತ್ತು ಬಾಲ್ ಬೇರಿಂಗ್ ಕೂರಿಸುವುದು ಮೊದಲ ಸುಧಾರಣೆ.

ಅದಾದ ಮೇಲೆ ಹುಡುಗರೆಲ್ಲರ ಕೈ ಚಾಚುವುದು ದೊಡ್ಡ ಮೋಟಾರಿನ ಕಡೆಗೆ. ಭೌತಶಾಸ್ತ್ರದ ಒಲವಾದರೋ ಬೇರೆಡೆಗಿದೆ. ತಿರುವಿನಲ್ಲಿ ಕಾರು ಹೊರಕ್ಕೆ ಜಾರದಂತೆ ಹಿಡಿದಿಡುವ ಬಲವು ಟೈರಿನ ಘರ್ಷಣೆಯೊಂದರಿಂದಲೇ ಬರತಕ್ಕದ್ದು. ಆ ಬಲವೂ ಬೇಕಾದ ಬಲವೂ ಎರಡೂ ತೂಕದೊಡನೆ ಒಂದೇ ಪ್ರಮಾಣದಲ್ಲಿ ಏರುವುದರಿಂದ, ಸ್ಥೂಲವಾಗಿ ಹೇಳುವುದಾದರೆ, ತೂಕವು ಲೆಕ್ಕದಿಂದಲೇ ಮಾಯವಾಗಿ, ಘರ್ಷಣಾ ಗುಣಾಂಕ, ಗುರುತ್ವ, ತಿರುವಿನ ತ್ರಿಜ್ಯ ಇವು ಮೂರರ ಗುಣಲಬ್ಧದ ವರ್ಗಮೂಲವೇ ಗರಿಷ್ಠ ವೇಗವೆಂದು ಉಳಿಯುತ್ತದೆ. ಎರಡು ಮೀಟರು ತ್ರಿಜ್ಯದ ತಿರುವು, ಗುಣಾಂಕ 1 ಎಂದುಕೊಳ್ಳೋಣ: ವೇಗ ಗಂಟೆಗೆ ಸುಮಾರು 16 ಕಿಲೋಮೀಟರು. ಮೃದುವಾದ ಒಳ್ಳೆಯ ಟೈರಿನಿಂದ ಗುಣಾಂಕ 1.5ಕ್ಕೆ ಏರಿದರೆ ಅದು ಸುಮಾರು 19.5. ಮೋಟಾರಿನ ಶಕ್ತಿಗೆ ಈ ಸಮೀಕರಣದಲ್ಲಿ ಸ್ಥಾನವೇ ಇಲ್ಲ! ಅಂಗಣವೋ, ತಿರುವುಗಳಿಂದಲೇ ತುಂಬಿದ್ದು.

ಮಂಡ್ಯ ಸೀಮೆಯ ಜೋಡೆತ್ತಿನ ಗಾಡಿಯ ಓಟಕ್ಕೆ ಹಳ್ಳಿಕಾರ್ ಎತ್ತುಗಳನ್ನು ಸಜ್ಜುಗೊಳಿಸುವವರು ಗೊರಸನ್ನು ಎತ್ತಿ ನೋಡುವಂತೆ, ಪ್ರತಿ ಓಟದ ತರುವಾಯವೂ ಟೈರನ್ನು ತಿರುಗಿಸಿ ನೋಡಬೇಕು. ಒಳಅಂಚು ಮಾತ್ರ ಸವೆದು ಹೊಳೆಯುತ್ತಿದ್ದರೆ ಚಕ್ರ ಒಳಕ್ಕೆ ಅತಿಯಾಗಿ ವಾಲಿದೆಯೆಂದು ಅರ್ಥ. ಮೈಯೆಲ್ಲ ಕೆಂಧೂಳು ಮೆತ್ತಿಕೊಂಡಿದ್ದರೆ, ಹೊಸ ಟೈರು ಕೊಳ್ಳುವುದಕ್ಕೆ ಮುಂಚೆ ಅಂಗಣವನ್ನು ಗುಡಿಸಬೇಕು. ಪೊರಕೆಗಿಂತ ಅಗ್ಗದ ಸುಧಾರಣೆಯನ್ನು ನಾನಂತೂ ಕಾಣೆ. ಆಮೇಲೆ ಬ್ಯಾಟರಿಯನ್ನು ಆದಷ್ಟೂ ಕೆಳಗೆ ಕೂರಿಸಿ ಗುರುತ್ವಕೇಂದ್ರವನ್ನು ತಗ್ಗಿಸುವುದು, ಡ್ಯಾಂಪರಿನ ಎಣ್ಣೆಯ ಸ್ನಿಗ್ಧತೆಯನ್ನು ನೆಲಕ್ಕೆ ತಕ್ಕಂತೆ ಬದಲಿಸುವುದು. ಇವನ್ನು ಒಂದೊಂದಾಗಿ ಮಾಡಿದರೆ ಮಾತ್ರ ಯಾವುದರಿಂದ ಏನಾಯಿತೆಂಬುದು ತಿಳಿಯುವುದು.

ಇನ್ನು ಮೋಟಾರು. ಬ್ಯಾಟರಿಯ ಏಕಮುಖ ವಿದ್ಯುತ್ತನ್ನು ಇಎಸ್‌ಸಿ ಎಂಬ ವೇಗನಿಯಂತ್ರಕವು ಮೂರು ತಂತಿಗಳಲ್ಲಿ ಸರದಿಯಂತೆ ಹರಿಸಿ, ಬ್ರಷ್ ಇಲ್ಲದ ಮೋಟಾರಿನೊಳಗೆ ತಿರುಗುವ ಕಾಂತಕ್ಷೇತ್ರವೊಂದನ್ನು ಸೃಷ್ಟಿಸುತ್ತದೆ. ಕಾಂತದ ದಂಡ ಅದನ್ನು ಹಿಂಬಾಲಿಸಿ ತಿರುಗುತ್ತದೆ. ನಮ್ಮ ರೈತರು ಪಂಪ್‌ಸೆಟ್ಟಿಗೆ ರಾತ್ರಿಯೆಲ್ಲ ಕಾಯುವ ‘ತ್ರೀ ಫೇಸ್ ಕರೆಂಟ’ನ್ನು ಇದು ಅಂಗೈಯಗಲದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆಂದರೆ ತಪ್ಪಾಗಲಾರದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಸುಮಾರು 147 ಕಿಲೋಮೀಟರು ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದೂ ಇಂಥದೇ ಮೂರು ಫೇಸಿನ ವಿದ್ಯುತ್ತು. ಅದರ ಆವರ್ತನ ಸೆಕೆಂಡಿಗೆ 25. ನಮ್ಮ ಕಾರಿನದು? ಚಕ್ರದ ವ್ಯಾಸ 63 ಮಿಲಿಮೀಟರು, ವೇಗ 60 ಕಿಲೋಮೀಟರು ಎಂದರೆ ಚಕ್ರ ನಿಮಿಷಕ್ಕೆ ಸುಮಾರು 5,000 ಸುತ್ತು. ಗೇರಿನ ಒಟ್ಟು ಅನುಪಾತ 5 ಆದರೆ ಮೋಟಾರು 25,000. ಎರಡು ಧ್ರುವಗಳ ಕಾಂತವಾದ್ದರಿಂದ ಆವರ್ತನ ಸೆಕೆಂಡಿಗೆ ಸುಮಾರು 420. ಮೋಟಾರಿನ ಚಿಕ್ಕ ಹಲ್ಲುಚಕ್ರದಲ್ಲಿ 40ರ ಬದಲು 41 ಹಲ್ಲು ಹಾಕಿದರೆ ಗರಿಷ್ಠ ವೇಗ ಲೆಕ್ಕದಲ್ಲಿ ಶೇಕಡಾ 2.5ರಷ್ಟು ಏರುತ್ತದೆ, ಜೊತೆಗೆ ಎಳೆಯುವ ವಿದ್ಯುತ್ತೂ ಏರುತ್ತದೆ. ಕಾವಾದರೋ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುವಂಥದು. ಓಟ ಮುಗಿದೊಡನೆ ಮೋಟಾರಿನ ಮೇಲೆ ಬೆರಳಿಡಲಾಗದಿದ್ದರೆ ಆ ಒಂದು ಹಲ್ಲನ್ನು ಹಿಂದಕ್ಕೆ ಪಡೆಯತಕ್ಕದ್ದು, ಏಕೆಂದರೆ ಅತಿಯಾಗಿ ಕಾದ ಕಾಂತವು ತನ್ನ ಸತ್ತ್ವವನ್ನು ಶಾಶ್ವತವಾಗಿ ಕಳೆದುಕೊಳ್ಳಬಲ್ಲದು.

ಬ್ಯಾಟರಿ ಎರಡು ಕೋಶಗಳ ಲಿಥಿಯಂ ಪಾಲಿಮರಿನದು: ನಾಮಮಾತ್ರ 7.4 ವೋಲ್ಟು, ತುಂಬಿದಾಗ 8.4. ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದ ಈ ಲಿಥಿಯಂ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಪೆಗ್ಮಟೈಟ್ ಶಿಲೆಗಳಲ್ಲಿಯೂ ಇದೆಯೆಂದು ಪರಮಾಣು ಖನಿಜ ನಿರ್ದೇಶನಾಲಯದ ಅನ್ವೇಷಣೆಯಿಂದ ತಿಳಿದಿದೆ. ಊಹಿತ ವರ್ಗದಲ್ಲಿ 1,600 ಟನ್ನೆಂದು 2021ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. ಕಲ್ಲಿನಲ್ಲಿರುವಾಗ ನಿರುಪದ್ರವಿಯಾದ ಈ ಧಾತು ಕೋಶದೊಳಗೆ ಮುಂಗೋಪಿ. ಒಂದೊಂದು ಕೋಶವೂ 3 ವೋಲ್ಟಿಗಿಂತ ಕೆಳಗಿಳಿಯಬಾರದು. ವಾರಗಟ್ಟಲೆ ಎತ್ತಿಡುವಾಗ 3.8ರಲ್ಲಿರಬೇಕು, ಚಾರ್ಜಿಗಿಟ್ಟು ಮಲಗತಕ್ಕದ್ದಲ್ಲ, ಮೈ ಉಬ್ಬಿದ ಬ್ಯಾಟರಿಯನ್ನು, ಇನ್ನೊಂದು ಪಂದ್ಯಕ್ಕೆ ಬಂದೀತೆಂಬ ಆಸೆಯಿಂದಲಾದರೂ, ಮನೆಯೊಳಗೆ ಇಟ್ಟುಕೊಳ್ಳಕೂಡದು.